ಮುಷ್ಕರದ ದಿನ ಹಾಲು ಹಾಕೋರು ಯಾರು?

ಆ ಸೋಮವಾರ ಬೆಳಿಗ್ಗೆ 9ಕ್ಕೆ ನಾವು 40 ಜನ ಲಾಗಿನ್ ಆಗಬಾರದು ಅಂತ ಮಾತಾಗಿತ್ತು.

ಮೂರು ತಿಂಗಳಿಂದ ರಾತ್ರಿ ಹೊತ್ತು ಹೆಚ್ಚುವರಿ ಕೆಲಸ ಮಾಡಿಸಿಕೊಂಡಿದ್ದರು. ಓಟಿ ದುಡ್ಡು ಮಾತ್ರ ಬಂದಿರಲಿಲ್ಲ. ಕೇಳಿದಾಗಲೆಲ್ಲ "ಪ್ರೋಸೆಸ್ ಆಗ್ತಾ ಇದೆ" ಅನ್ನುವ ಒಂದೇ ಉತ್ತರ. ಕೊನೆಗೆ ಮ್ಯಾನೇಜರುಗಳಿಲ್ಲದ ಒಂದು ಗ್ರೂಪ್ ಮಾಡಿಕೊಂಡು, ಒಂದು ದಿನ ಯಾರೂ ಕೆಲಸಕ್ಕೆ ಕೂರೋದು ಬೇಡ ಅಂತ ತೀರ್ಮಾನಿಸಿದೆವು. ಭಾನುವಾರ ರಾತ್ರಿ ಆ ಗ್ರೂಪಿನಲ್ಲಿದ್ದ ಹುರುಪು ನೋಡಿದ್ದರೆ, ಮರುದಿನ ಕಂಪನಿಯೇ ನಿಂತುಹೋಗುತ್ತದೆ ಅಂತ ಯಾರಾದರೂ ನಂಬುತ್ತಿದ್ದರು.

ಸೋಮವಾರ 8.55ಕ್ಕೆ ನಾನು ಫೋನಿನಲ್ಲಿ ಆಫೀಸಿನ ಚಾಟ್ ತೆರೆದೆ. ಯಾರಾದರೂ ಮಾತು ಮುರೀತಾರಾ ಅಂತ ಸುಮ್ನೆ ನೋಡೋಕೆ. ಹೆಸರುಗಳ ಪಕ್ಕದ ಬೂದು ಚುಕ್ಕೆಗಳು ಒಂದೊಂದಾಗಿ ಹಸಿರಾಗತೊಡಗಿದವು. ಮೂರು, ಏಳು, ಹದಿನಾಲ್ಕು. 9.10ರ ಹೊತ್ತಿಗೆ ನಾನೂ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ತಿಂಗಳ ಕಂತು ನೆನಪಾಗಿತ್ತು. ಆಮೇಲೆ ಗೊತ್ತಾಯಿತು, ಮೊದಲು ಹಸಿರಾದವರಲ್ಲಿ ಬಹಳ ಜನ ನನ್ನ ಹಾಗೇ ನೋಡೋಕೆ ಅಂತ ಚಾಟ್ ತೆರೆದವರು. ತೆರೆದರೆ ನಮ್ಮ ಚುಕ್ಕೆಯೂ ಹಸಿರಾಗುತ್ತದೆ ಅನ್ನೋದು ಯಾರಿಗೂ ಹೊಳೆದಿರಲಿಲ್ಲ! ಒಬ್ಬರ ಮೇಲೊಬ್ಬರು ಕಣ್ಣಿಟ್ಟೇ ನಮ್ಮ ಮುಷ್ಕರವನ್ನು 15 ನಿಮಿಷದಲ್ಲಿ ಮುಗಿಸಿದ್ದೆವು.

ಆ ನಾಚಿಕೆಯಲ್ಲೇ ನಾನು ಮುಷ್ಕರಗಳ ಚರಿತ್ರೆ ಓದೋಕೆ ಶುರು ಮಾಡಿದ್ದು. ಅದರಲ್ಲೂ ಸಾರ್ವತ್ರಿಕ ಮುಷ್ಕರಗಳದ್ದು. ಒಂದು ಕಾರ್ಖಾನೆ ಅಥವಾ ಒಂದು ಕಸುಬಿಗೆ ನಿಲ್ಲದೆ ಇಡೀ ನಗರ, ಕೆಲವೊಮ್ಮೆ ಇಡೀ ದೇಶ ಕೈಕಟ್ಟಿ ಕೂರುವಂಥದ್ದು. ನಮ್ಮ 40 ಜನರಿಂದ ಆಗದ್ದು ಲಕ್ಷಾಂತರ ಜನರಿಂದ ಹೇಗಾಯಿತು ಅನ್ನೋ ಕುತೂಹಲ. ಓದುತ್ತಾ ಹೋದ ಹಾಗೆ ಇನ್ನೊಂದು ಪ್ರಶ್ನೆ ಮುಂದೆ ಬಂದು ನಿಂತಿತು. ಕೆಲಸ ಬಿಟ್ಟವರು ಮರುದಿನ ಏನು ತಿಂದರು?

ಮೊದಲು ಪದಗಳ ಬಗ್ಗೆ ಒಂದು ಮಾತು, ಯಾಕಂದ್ರೆ ಅವೇ ಮಜವಾಗಿವೆ. ನಾವು ಸಹಜವಾಗಿ ಮುಷ್ಕರ ಅನ್ನುತ್ತೇವೆ. ಪಕ್ಕದ ತೆಲುಗಿನಲ್ಲಿ ಮುಷ್ಕರುಡು ಅಂದ್ರೆ ದುಷ್ಟ! ಹರತಾಳ ಗುಜರಾತಿಯಿಂದ ಬಂದ ಪದ, ಅಂಗಡಿಗೆ ಬೀಗ ಅಂತ ಅರ್ಥ. ಸ್ಟ್ರೈಕ್ ಅನ್ನೋದು ಹಡಗಿನಿಂದ ಇಳಿದದ್ದು. 1768ರಲ್ಲಿ ಲಂಡನ್ನಿನ ನಾವಿಕರು ಹಾಯಿ ಇಳಿಸಿ ಹಡಗುಗಳನ್ನು ನಿಲ್ಲಿಸಿಬಿಟ್ಟರು, ಹಾಯಿ ಇಳಿಸುವುದಕ್ಕಿದ್ದ ಪದವೇ ಕೆಲಸ ಬಿಡುವುದಕ್ಕೂ ಅಂಟಿಕೊಂಡಿತು. ಫ್ರೆಂಚರ 'ಗ್ರೆವ್' ಪ್ಯಾರಿಸ್ಸಿನ ಒಂದು ಚೌಕದ ಹೆಸರು. ಕೂಲಿ ಹುಡುಕಿಕೊಂಡು ಬಂದವರು ಬೆಳಿಗ್ಗೆ ನಿಲ್ಲುತ್ತಿದ್ದ ಜಾಗ ಅದು. ಸ್ಪ್ಯಾನಿಷ್‌ನ 'ವೆಲ್ಗಾ' ಹುಟ್ಟಿದ್ದು ವಿಶ್ರಾಂತಿ ಅನ್ನೋ ಅರ್ಥದ ಕ್ರಿಯಾಪದದಿಂದ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬರಹದಲ್ಲಿ ಸಿಕ್ಕಿರುವ ಅತಿ ಹಳೆಯ ಮುಷ್ಕರ ಈಜಿಪ್ಟಿನದು. ಕ್ರಿ.ಪೂ. 1150ರ ಆಸುಪಾಸು, ಮೂರನೇ ರಾಮ್ಸೆಸ್‌ನ ಕಾಲ. ರಾಜರ ಗೋರಿಗಳನ್ನು ಕೊರೆಯುತ್ತಿದ್ದ ಕುಶಲಕರ್ಮಿಗಳಿಗೆ ಕೂಲಿ ಅಂದ್ರೆ ಧಾನ್ಯ. ಅದು ಬರೋದು ತಡವಾಯಿತು. ಅವರು ಕೆಲಸ ಬಿಟ್ಟು, ಕಾವಲು ಗೋಡೆಗಳನ್ನು ದಾಟಿ ಬಂದು, ಒಂದು ದೇವಾಲಯದ ಹಿಂದೆ ಕೂತುಬಿಟ್ಟರು. ಹಸಿವು ಬಾಯಾರಿಕೆ ನಮ್ಮನ್ನು ಇಲ್ಲಿಗೆ ಕರೆತಂದಿದೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ ಅಂತ ಹೇಳಿದ್ದನ್ನು ಅಲ್ಲಿನ ಬರಹಗಾರ ಬರೆದಿಟ್ಟ. ಆ ಪಪೈರಸ್ ಈಗ ಇಟಲಿಯ ಟ್ಯೂರಿನ್‌ನಲ್ಲಿದೆ. ಅವರಿಗೂ ಯಾರೋ ಅಧಿಕಾರಿ "ಪ್ರೋಸೆಸ್ ಆಗ್ತಾ ಇದೆ" ಅಂತಲೇ ಹೇಳಿರಬೇಕು ಅನ್ನೋದು ನನ್ನ ಊಹೆ.

ಅದು ಒಂದು ಊರಿನ ಕಸುಬುದಾರರ ಜಗಳ. ಎಲ್ಲ ಕಸುಬಿನವರೂ ಒಂದೇ ದಿನ ನಿಂತರೆ ಹೇಗೆ ಅನ್ನುವ ಯೋಚನೆಯನ್ನು ಒಂದು ಯೋಜನೆಯ ಹಾಗೆ ಬರೆದು ಹಂಚಿದವರು ವಿಲಿಯಂ ಬೆನ್‌ಬೋ. ಇಂಗ್ಲೆಂಡಿನವರು, 1832ರಲ್ಲಿ ಒಂದು ಚಿಕ್ಕ ಪುಸ್ತಿಕೆ ತಂದರು. ಅದರಲ್ಲಿ ಅವರು ಇದನ್ನು ಕರೆದದ್ದು ರಜೆ ಅಂತ. ದೇಶಕ್ಕೆ ದೇಶವೇ ಒಂದು ತಿಂಗಳು ರಜೆ ಹಾಕಬೇಕು. ಸಿರಿವಂತರಿಗೆ ವರ್ಷವಿಡೀ ರಜೆ, ದುಡಿಯೋರಿಗೆ ಒಂದು ತಿಂಗಳಾದರೂ ಬೇಡವಾ ಅನ್ನುವ ಧಾಟಿ. ಓದುವಾಗ ನಗು ಬರುತ್ತದೆ. ಆದರೆ ಅವರು ಲೆಕ್ಕಾಚಾರದ ಮನುಷ್ಯ. ಮೊದಲ ವಾರಕ್ಕಾಗುವಷ್ಟು ದಿನಸಿ ಪ್ರತಿ ಮನೆಯವರೂ ಮೊದಲೇ ಕೂಡಿಟ್ಟಿರಬೇಕು. ಆಮೇಲಿನದ್ದಕ್ಕೆ ಬಡವರ ಹೆಸರಿನಲ್ಲಿರುವ ನಿಧಿಯನ್ನು ಕೇಳಬೇಕು, ಇರುವವರಿಂದ ಕೇಳಿ ತರಬೇಕು. ಈ ವಿಚಾರ ಹುಟ್ಟಿದ ದಿನದಿಂದಲೂ ಅದರ ಜೊತೆಗೆ ಉಗ್ರಾಣದ ಪಟ್ಟಿಯೂ ಇತ್ತು. ಘೋಷಣೆ ಕೂಗುವವರು ಆ ಪುಟಗಳನ್ನು ಹಾರಿಸಿಬಿಡ್ತಾರೆ.

ಹತ್ತು ವರ್ಷದ ನಂತರ, 1842ರಲ್ಲಿ, ಇಂಗ್ಲೆಂಡಿನಲ್ಲಿ ಅದು ಅರ್ಧಂಬರ್ಧ ನಡೆದೂ ಹೋಯಿತು. ಕೂಲಿ ಕಡಿತ ತಾಳಲಾರದೆ ಗಣಿ ಮತ್ತು ಹತ್ತಿ ಗಿರಣಿಗಳ ಕಾರ್ಮಿಕರು ಗುಂಪುಗುಂಪಾಗಿ ಊರಿಂದೂರಿಗೆ ನಡೆದರು. ಗಿರಣಿ ಸಿಕ್ಕರೆ ಒಳಗೆ ನುಗ್ಗಿ ಬಾಯ್ಲರಿನ ಬಿರಡೆ ಕಿತ್ತುಹಾಕುತ್ತಿದ್ದರು. ನೀರೆಲ್ಲ ಸೋರಿಹೋದರೆ ಉಗಿ ಇಲ್ಲ, ಉಗಿ ಇಲ್ಲದಿದ್ದರೆ ಮಗ್ಗ ಇಲ್ಲ. ಯಂತ್ರ ಒಡೆಯಬೇಕಿರಲಿಲ್ಲ, ಬೆಂಕಿ ಹಚ್ಚಬೇಕಿರಲಿಲ್ಲ, ಒಂದು ಬಿರಡೆ ಕಿತ್ತರೆ ಸಾಕಿತ್ತು. ಒಳಗಿದ್ದವರಿಗೆ ಮಾತು ಮುರಿಯುವ ಅವಕಾಶವೇ ಉಳಿಯುತ್ತಿರಲಿಲ್ಲ. (ನಮ್ಮ ಚಾಟ್‌ಗೂ ಒಂದು ಬಿರಡೆ ಇದ್ದಿದ್ದರೆ ಅಂತ ಅನ್ನಿಸಿತು, ಸುಳ್ಳು ಹೇಳಲ್ಲ.) ಅವರು ಕೂಲಿಯ ಜೊತೆಗೆ ಮತದ ಹಕ್ಕನ್ನೂ ಕೇಳಿದ್ದರು. ನೂರಾರು ಜನ ಜೈಲು ಕಂಡರು.

ಇನ್ನು ಈ ಮುಷ್ಕರಗಳು ಶುರುವಾದ ರೀತಿ ನೋಡಿ. 1905ರಲ್ಲಿ ಮಾಸ್ಕೋದ ಒಂದು ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವವರು ಒಂದು ಬೇಡಿಕೆ ಇಟ್ಟರು. ಅಕ್ಷರದ ಲೆಕ್ಕದಲ್ಲಿ ಕೂಲಿ ಕೊಡ್ತೀರಿ, ಚುಕ್ಕೆ, ಕಾಮಾಗಳನ್ನೂ ನಾವೇ ಜೋಡಿಸೋದು, ಅವನ್ನೂ ಲೆಕ್ಕಕ್ಕೆ ಹಿಡೀರಿ. ಅಲ್ಲಿಂದ ಉಳಿದ ಅಚ್ಚುಕೂಟಗಳಿಗೆ, ಆಮೇಲೆ ರೈಲ್ವೆಗೆ, ಅಕ್ಟೋಬರ್ ಹೊತ್ತಿಗೆ ಇಡೀ ರಷ್ಯಾಕ್ಕೆ ಹಬ್ಬಿತು. ಝಾರ್ ಚಕ್ರವರ್ತಿ ಸಂಸತ್ತು, ನಾಗರಿಕ ಹಕ್ಕುಗಳ ಪ್ರಣಾಳಿಕೆಗೆ ಸಹಿ ಹಾಕಬೇಕಾಯಿತು. ಚುಕ್ಕೆ ಕಾಮಾಗಳಿಂದ ಶುರುವಾಗಿ ನಿರಂಕುಶ ಆಡಳಿತವನ್ನು ಬೀಳಿಸುವವರೆಗೆ ಹೋದ ಮುಷ್ಕರ ಅಂತ ಅಲ್ಲಿನ ಕ್ರಾಂತಿಕಾರಿ ಟ್ರಾಟ್ಸ್ಕಿ ಆಮೇಲೆ ಬರೆದರು. 'ಬೀಳಿಸಿತು' ಅನ್ನೋದು ಸ್ವಲ್ಪ ಜಾಸ್ತಿಯಾಯಿತು, ಝಾರ್ ಇನ್ನೂ 12 ವರ್ಷ ಕೂತಿದ್ದ. ಆದರೆ ಚುಕ್ಕೆ ಕಾಮಾ ನಿಜ.

1912ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರ ನಿಂತದ್ದು ಟ್ರಾಮ್ ನೌಕರರು ಅಂಗಿಗೆ ಯೂನಿಯನ್ ಬಿಲ್ಲೆ ಸಿಕ್ಕಿಸಿಕೊಂಡದ್ದಕ್ಕೆ ಅವರನ್ನು ಕೆಲಸದಿಂದ ತೆಗೆದಾಗ. ಆ ಮುಷ್ಕರದಲ್ಲಿ 70 ದಾಟಿದ ಎಮ್ಮಾ ಮಿಲ್ಲರ್ ಅನ್ನುವ ಅಜ್ಜಿ ಪೊಲೀಸ್ ಕಮಿಷನರ್ ಕುದುರೆಗೆ ತಮ್ಮ ಟೋಪಿಯ ಪಿನ್ ಚುಚ್ಚಿದರು, ಕಮಿಷನರ್ ಕೆಳಗೆ ಬಿದ್ದರು ಅಂತ ಇವತ್ತಿಗೂ ಹೇಳ್ತಾರೆ. 1919ರಲ್ಲಿ ಬಾರ್ಸಿಲೋನಾದ ವಿದ್ಯುತ್ ಕಂಪನಿಯೊಂದು ಎಂಟು ಜನ ಗುಮಾಸ್ತರನ್ನು ತೆಗೆಯಿತು. 44 ದಿನ ಮುಷ್ಕರ ನಡೆಯಿತು, ನಗರ ಕತ್ತಲಲ್ಲಿ ಕೂತಿತು. ಕೊನೆಗೆ ಸ್ಪೇನ್ ಸರ್ಕಾರ ದಿನಕ್ಕೆ 8 ಗಂಟೆ ಕೆಲಸದ ಆದೇಶ ಹೊರಡಿಸಿತು. 1980ರಲ್ಲಿ ಪೋಲೆಂಡಿನ ಗ್ಡಾನ್ಸ್ಕ್ ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುತ್ತಿದ್ದ ಅನ್ನಾ ವಾಲೆಂಟಿನೋವಿಚ್ ಅವರನ್ನು ನಿವೃತ್ತಿಗೆ ಐದೇ ತಿಂಗಳಿರುವಾಗ ಮನೆಗೆ ಕಳಿಸಿದರು. ಅಲ್ಲಿಂದ ಹುಟ್ಟಿದ್ದು ಸಾಲಿಡಾರಿಟಿ ಅನ್ನುವ ಕಾರ್ಮಿಕ ಸಂಘಟನೆ.

ಇಷ್ಟು ಚಿಕ್ಕ ಕಾರಣಕ್ಕೆ ದೇಶ ನಿಲ್ಲುತ್ತದಾ ಅಂತ ಕೇಳಬಹುದು. ಖಂಡಿತ ನಿಲ್ಲಲ್ಲ. ಬೇಸಾಯದ ಮನೆಯಲ್ಲಿ ಜಗಳ ಆಗೋದು ಹೊಲದ ಪಾಲಿಗೆ, ಬಾಯಿಬಿಟ್ಟು ಹೇಳೋದು ಕಂಚಿನ ತಟ್ಟೆ ವಿಷಯ. ಹಾಗೇ ಇದು ಕೂಡ. ಚುಕ್ಕೆಯ ಕೂಲಿ, ಅಂಗಿಯ ಬಿಲ್ಲೆ, ಐದು ತಿಂಗಳ ನಿವೃತ್ತಿ ಎಲ್ಲರಿಗೂ ತಕ್ಷಣ ಅರ್ಥವಾಗುವ ಅವಮಾನಗಳು. ವಿವರಿಸಬೇಕಾಗಿಲ್ಲ, ಕರಪತ್ರ ಬೇಕಾಗಿಲ್ಲ.

ಶುರುವಾಗೋದು ಸರಿ, ಮರುದಿನ?

1919ರ ಫೆಬ್ರವರಿ 6, ಬೆಳಿಗ್ಗೆ 10. ಅಮೆರಿಕದ ಸಿಯಾಟಲ್‌ನಲ್ಲಿ ಕೆಲಸ ನಿಲ್ಲಿಸಿದವರು ಒಟ್ಟು ಸುಮಾರು 65 ಸಾವಿರ ಜನ. ಅವರಲ್ಲಿ 35 ಸಾವಿರ ಹಡಗುಕಟ್ಟೆ ಕಾರ್ಮಿಕರು ಮೊದಲೇ ಹೊರಗಿದ್ದರು, ಅವರ ಬೆಂಬಲಕ್ಕೆ ಉಳಿದ ಯೂನಿಯನ್‌ಗಳು ಬಂದವು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಮುಷ್ಕರ. ಅದು ಗೆದ್ದದ್ದಕ್ಕಲ್ಲ, ಸೋತಿತು. ಆದರೆ ಆ ಮುಷ್ಕರ ಸಮಿತಿಯ ಮುಂದೆ ಬಂದ ಅರ್ಜಿಗಳನ್ನು ನೋಡಬೇಕು. ಆಸ್ಪತ್ರೆಯ ಬಟ್ಟೆ ಒಗೆಯುವವರು ಕೆಲಸ ಮಾಡಬಹುದಾ? ಮಾಡಬಹುದು. ಕಸ ಎತ್ತುವ ಗಾಡಿ? ರೋಗ ಹರಡುವಂಥ ಹಸಿ ಕಸ ಮಾತ್ರ ಎತ್ತಿ, ಬೂದಿ, ಕಾಗದ ಇರಲಿ ಬಿಡಿ. ಬೆಂಕಿ ಆರಿಸುವವರು? ಇರಬೇಕು. ಅನುಮತಿ ಸಿಕ್ಕ ಗಾಡಿಗಳಿಗೆ 'ಮುಷ್ಕರ ಸಮಿತಿಯಿಂದ ವಿನಾಯಿತಿ' ಅಂತ ಫಲಕ.

ಆಮೇಲೆ ಹಾಲು. ಮಕ್ಕಳಿರುವ ಮನೆಗೆ ಹಾಲು ನಿಂತರೆ ಊರೇ ತಿರುಗಿಬೀಳುತ್ತದೆ ಅಂತ ಹಾಲಿನ ಗಾಡಿ ಹೊಡೆಯುವವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಿನವೂ ಆ ಬಾಗಿಲುಗಳನ್ನು ಕಂಡವರು ಅವರೇ. ನಗರದ ಬಡಾವಣೆಗಳಲ್ಲಿ 35 ಕಡೆ ಹಾಲಿನ ಕೇಂದ್ರ ತೆರೆದರು. ಅಡುಗೆಯವರು, ಬಡಿಸುವವರು ಸೇರಿ 21 ಕಡೆ ಊಟದ ವ್ಯವಸ್ಥೆ ಮಾಡಿದರು. ಮೊದಲ ದಿನ ಪಾತ್ರೆ, ಸಾಗಾಟ ಯಾವುದೂ ಹೊಂದದೆ ಊಟ ಸಿಕ್ಕಾಪಟ್ಟೆ ತಡವಾಯಿತು. ಆಮೇಲೆ ಕೈ ಕುದುರಿ ದಿನಕ್ಕೆ 30 ಸಾವಿರ ಊಟದವರೆಗೆ ಹೋಯಿತು. ಮೊದಲ ಮಹಾಯುದ್ಧದಿಂದ ಮರಳಿದ್ದ ಯೂನಿಯನ್ ಸೈನಿಕರು ಬಂದೂಕಿಲ್ಲದೆ, ಲಾಠಿಯಿಲ್ಲದೆ ಬೀದಿ ಕಾಯ್ದರು. ಐದೇ ದಿನ. ಮೇಯರ್ ಬೆದರಿಕೆ, ಸೈನ್ಯದ ಭಯ, ರಾಷ್ಟ್ರಮಟ್ಟದ ಯೂನಿಯನ್ ನಾಯಕರ ಒತ್ತಡ ಸೇರಿ ಫೆಬ್ರವರಿ 11ಕ್ಕೆ ಮುಗಿಯಿತು. ಹಡಗುಕಟ್ಟೆಯವರಿಗೆ ಏನೂ ಸಿಗಲಿಲ್ಲ.

ಅದೇ ವರ್ಷ ಮೇ 15ರಂದು ಕೆನಡಾದ ವಿನ್ನಿಪೆಗ್‌ನಲ್ಲಿ ಮೊದಲು ಎದ್ದು ಹೊರನಡೆದವರು ಟೆಲಿಫೋನ್ ಆಪರೇಟರ್ ಹೆಣ್ಣುಮಕ್ಕಳು. ಬೆಳಿಗ್ಗೆ 7ಕ್ಕೆ ರಾತ್ರಿ ಪಾಳಿಯವರು ಎದ್ದರು, ಹಗಲು ಪಾಳಿಯವರು ಬರಲೇ ಇಲ್ಲ. 30 ಸಾವಿರ ಜನ ಅವರ ಹಿಂದೆ ಬಂದರು. ಅಲ್ಲಿಯೂ ಬ್ರೆಡ್ಡು, ಹಾಲಿನ ಗಾಡಿಗಳಿಗೆ ಸಮಿತಿಯ ಅನುಮತಿ ಚೀಟಿ ಅಂಟಿಸಿದರು. ಗಾಡಿಯವರನ್ನು ಯಾರೂ ದ್ರೋಹಿ ಅನ್ನಬಾರದು ಅಂತ ಮಾಡಿದ ಏರ್ಪಾಡು ಅದು. ಎದುರಾಳಿಗಳಿಗೆ ಆ ಚೀಟಿಯೇ ಸಾಕಾಯಿತು. ನೋಡಿ, ಊರಿನಲ್ಲಿ ಇವರದೇ ಸರ್ಕಾರ ಶುರುವಾಗಿದೆ, ರಷ್ಯಾದ ಕ್ರಾಂತಿ ಇಲ್ಲಿಗೂ ಬಂತು ಅಂತ ಕೂಗಿದರು. ಆರು ವಾರದ ಕೊನೆಗೆ ಕುದುರೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ಸತ್ತರು.

ಇಲ್ಲೊಂದು ವಿಚಿತ್ರ ಇದೆ ಅಲ್ವಾ? ಕೆಲಸ ನಿಲ್ಲಿಸಿದ್ದಕ್ಕೆ ಆದ ಗಾಬರಿಗಿಂತ, ಹಾಲನ್ನು ಇವರೇ ಹಂಚುತ್ತಿದ್ದಾರೆ ಅನ್ನೋದಕ್ಕೆ ಆದ ಗಾಬರಿ ಜಾಸ್ತಿ. ನಿಲ್ಲಿಸುವವರ ಜೊತೆ ಚೌಕಾಸಿ ಮಾಡಬಹುದು. ನೀವಿಲ್ಲದೆಯೂ ನಡೆಸ್ತೀವಿ ಅನ್ನುವವರ ಜೊತೆ ಏನು ಮಾತಾಡೋದು?

ತಯಾರಿ ಇಲ್ಲದೆ ಇಳಿದವರ ಕಥೆಗಳೂ ಇವೆ. 1909ರಲ್ಲಿ ಸ್ವೀಡನ್ನಿನಲ್ಲಿ ಮಾಲೀಕರು ಹಾಕಿದ ಬೀಗಕ್ಕೆ ಉತ್ತರವಾಗಿ 3 ಲಕ್ಷ ಜನ ಹೊರಬಂದರು. ಮಾಲೀಕರು ಕಾದರು. ನಿಧಿ ಕರಗಿತು. ಸೋತು ಒಳಗೆ ಹೋದ ಮೇಲೆ ಯೂನಿಯನ್ ಒಕ್ಕೂಟದ ಸದಸ್ಯರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

1926ರ ಬ್ರಿಟನ್ ಕಥೆ ಇನ್ನೂ ಕಹಿ. ಗಣಿ ಕಾರ್ಮಿಕರ ಸಂಬಳ ಇಳಿಸಿ ಹೊತ್ತು ಏರಿಸುತ್ತೇವೆ ಅಂದಾಗ, ಅವರ ಪರವಾಗಿ 15 ಲಕ್ಷಕ್ಕೂ ಹೆಚ್ಚು ಜನ ಕೆಲಸ ಬಿಟ್ಟರು. ಸರ್ಕಾರ ತಿಂಗಳುಗಳಿಂದ ತಯಾರಾಗಿತ್ತು. ಕಲ್ಲಿದ್ದಲು ಕೂಡಿಟ್ಟಿತ್ತು, ಲಾರಿ, ಸ್ವಯಂಸೇವಕರ ಪಟ್ಟಿ ಸಿದ್ಧವಿತ್ತು. ಕಾಲೇಜು ಹುಡುಗರು ಖುಷಿಯಿಂದ ಬಸ್ಸು ಓಡಿಸಿದರು. ಉಗ್ರಾಣದ ಪಟ್ಟಿ ಈ ಸಲ ಎದುರಾಳಿಯ ಕೈಯಲ್ಲಿತ್ತು. ಯೂನಿಯನ್ ನಾಯಕರಿಗೋ, ತಾವೇ ಕರೆದ ಮುಷ್ಕರ ಎಲ್ಲಿ ಕೈಮೀರುತ್ತದೋ ಅನ್ನುವ ಭಯ. ಒಂಬತ್ತೇ ದಿನಕ್ಕೆ, ಲಿಖಿತ ಭರವಸೆ ಒಂದೂ ಇಲ್ಲದೆ, ವಾಪಸ್ ತೆಗೆದುಕೊಂಡರು. ಗಣಿಯವರು ಒಂಟಿಯಾಗಿ ತಿಂಗಳುಗಟ್ಟಲೆ ಹಿಡಿದು ನಿಂತು, ಚಳಿಗಾಲ ಬಂದಾಗ ಹಸಿದು ವಾಪಸಾದರು. ಕಡಿಮೆ ಸಂಬಳಕ್ಕೆ, ಹೆಚ್ಚು ಹೊತ್ತಿಗೆ. ಮರುವರ್ಷವೇ ಇನ್ನೊಬ್ಬರ ಪರವಾಗಿ ಮುಷ್ಕರ ಮಾಡುವುದನ್ನು ನಿಷೇಧಿಸುವ ಕಾನೂನು ಬಂತು. ನನ್ನ ಲೆಕ್ಕದಲ್ಲಿ ಆ ನಾಯಕರು ಮಾಡಿದ್ದೂ ನಾನು 9.10ಕ್ಕೆ ಮಾಡಿದ್ದೂ ಒಂದೇ. ಅವರ ಚುಕ್ಕೆ ಸ್ವಲ್ಪ ದೊಡ್ಡದು, ಅಷ್ಟೇ.

ಸರಿಯಾಗಿ ಗೆದ್ದದ್ದು ಬೇಕು ಅಂದ್ರೆ 1920ರ ಜರ್ಮನಿ. ಮಾರ್ಚ್ 13ರಂದು ಬಲಪಂಥೀಯ ಸೈನಿಕರು ಬರ್ಲಿನ್ ಹಿಡಿದರು, ಸರ್ಕಾರ ಊರುಬಿಟ್ಟು ಓಡಿತು, ವುಲ್ಫ್‌ಗಾಂಗ್ ಕಾಪ್ ಅನ್ನುವವ ತಾನೇ ಚಾನ್ಸೆಲರ್ ಅಂತ ಘೋಷಿಸಿಕೊಂಡ. ಅದಕ್ಕೆ ಉತ್ತರವಾಗಿ ಸಾರ್ವತ್ರಿಕ ಮುಷ್ಕರ ಶುರುವಾಯಿತು. ಕರೆಂಟಿಲ್ಲ, ನೀರಿಲ್ಲ, ರೈಲಿಲ್ಲ, ಪೇಪರ್ ಇಲ್ಲ. ಕಚೇರಿಯ ಅಧಿಕಾರಿಗಳೂ ಸಹಕರಿಸಲಿಲ್ಲ, ರಾಷ್ಟ್ರದ ಬ್ಯಾಂಕು ದುಡ್ಡು ಬಿಡಲಿಲ್ಲ. ಬಂದೂಕೆಲ್ಲ ಅವನ ಕೈಯಲ್ಲೇ ಇತ್ತು. ನಾಲ್ಕು ದಿನಕ್ಕೆ ಕಾಪ್ ಓಡಿಹೋದ.

ಈಗ ರಜೆಯ ವಿಷಯಕ್ಕೆ ಬರೋಣ. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಸುಮಾರು 90 ಶೇಕಡಾ ಹೆಂಗಸರು ಆಫೀಸಿಗೂ ಹೋಗಲಿಲ್ಲ, ಮನೆಕೆಲಸವನ್ನೂ ಮುಟ್ಟಲಿಲ್ಲ. ಮುಷ್ಕರ ಅಂತ ಕರೆದರೆ ಕೆಲವರು ಹಿಂಜರೀತಾರೆ ಅಂತ ಅದಕ್ಕೆ 'ಹೆಂಗಸರ ರಜೆ' ಅಂತ ಹೆಸರಿಟ್ಟರು. ಬೆನ್‌ಬೋ ಪುಸ್ತಿಕೆಯ ಅದೇ ಪದ! ಬ್ಯಾಂಕು, ಶಾಲೆ, ಮೀನಿನ ಕಾರ್ಖಾನೆ ಎಲ್ಲ ಕುಂಟಿದವು. ಅಪ್ಪಂದಿರು ಮಕ್ಕಳನ್ನು ಕೆಲಸಕ್ಕೆ ಕರೆದುಕೊಂಡು ಹೋದರು. ರೇಡಿಯೊ ವಾರ್ತೆಯ ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತಂತೆ. ಬೇಯಿಸೋಕೆ ಸುಲಭ ಅಂತ ಅಂಗಡಿಗಳಲ್ಲಿ ಸಾಸೇಜ್ ಖಾಲಿಯಾಯಿತು. ಮರುವರ್ಷ ಸಮಾನತೆಯ ಕಾನೂನು ಬಂತು. ಐದು ವರ್ಷದಲ್ಲಿ ವಿಗ್ಡಿಸ್ ಫಿನ್‌ಬೊಗಾಡೋಟಿರ್ ಅಧ್ಯಕ್ಷೆಯಾದರು.

ಈ ಮುಷ್ಕರ ತಟ್ಟಿದ್ದು ಅಡುಗೆಮನೆಗೇ. ಹಳೆಯ ಮುಷ್ಕರಗಳಲ್ಲಿ ಗಂಡಸರು ಹೊರಬಂದಾಗ ಮನೆಯೊಳಗೆ ಇರುವುದರಲ್ಲೇ ಸಂಭಾಳಿಸುತ್ತಿದ್ದ ಕೆಲಸ ಇದೆಯಲ್ಲ, ಅದನ್ನೇ ಇವರು ನಿಲ್ಲಿಸಿ ತೋರಿಸಿದರು.

ಇವತ್ತಿಗೆ ಇದೆಲ್ಲ ಏನು ಉಪಯೋಗ?

ಕಾನೂನು ಬಿಗಿಯಾಗಿದೆ. ಅಮೆರಿಕದಲ್ಲಿ 1947ರಿಂದಲೇ ಒಬ್ಬರಿಗಾಗಿ ಇನ್ನೊಬ್ಬರು ನಿಲ್ಲುವುದು ಬಹುಪಾಲು ನಿಷಿದ್ಧ. ಭಾರತದ 2020ರ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ಒಂದು ಉದ್ಯಮದ ಅರ್ಧದಷ್ಟು ಕಾರ್ಮಿಕರು ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಕಾನೂನು ಬರೆದವರಿಗೆ ರಜೆ ಅನ್ನುವ ಪದದ ತಾಕತ್ತು ನಮಗಿಂತ ಚೆನ್ನಾಗಿ ಗೊತ್ತು. ಮುಷ್ಕರದ ಹಕ್ಕು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) 1948ರ ಒಪ್ಪಂದದೊಳಗೆ ಇದೆಯಾ ಇಲ್ಲವಾ ಅನ್ನುವ ಜಗಳ 2023ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಯಿತು.

ಒಂದು ದಿನದ ಮುಷ್ಕರಗಳಂತೂ ಆಗುತ್ತಲೇ ಇವೆ. 2020ರ ನವೆಂಬರ್ 26ರಂದು ಭಾರತದಲ್ಲಿ 25 ಕೋಟಿ ಜನ ಭಾಗವಹಿಸಿದರು ಅಂತ ಯೂನಿಯನ್‌ಗಳು ಹೇಳಿದವು. ಸಂಖ್ಯೆ ಕೇಳಿದರೆ ತಲೆ ತಿರುಗುತ್ತದೆ. ಆದರೆ ಒಂದು ದಿನ ಅಂತ ಮೊದಲೇ ಗೊತ್ತಿದ್ದರೆ ಮಾಲೀಕರು ಆ ಒಂದು ದಿನವನ್ನು ನುಂಗಿಕೊಳ್ತಾರೆ. ಹಾಗಂತ ಅದನ್ನು ಗೇಲಿ ಮಾಡೋ ಯೋಗ್ಯತೆ ನನಗಿಲ್ಲ. ನಾನು 15 ನಿಮಿಷದವನು.

ಆ್ಯಪ್‌ಗಳ ಕೆಲಸದ್ದು ಇನ್ನೊಂದು ಗೋಳು. ಅಲ್ಲಿ ದುಡಿಯುವವರನ್ನು ಕಂಪನಿಗಳು ಕಾರ್ಮಿಕ ಅನ್ನೋದಿಲ್ಲ, ಪಾರ್ಟ್ನರ್ ಅಂತೆ. ನೂರು ಚಾಲಕರು ಆ್ಯಪ್ ಆಫ್ ಮಾಡಿದರೆ ಗಾಡಿ ಕಡಿಮೆಯಾಗುತ್ತದೆ, ಗಾಡಿ ಕಡಿಮೆಯಾದರೆ ದರ ತಾನಾಗಿ ಏರುತ್ತದೆ, ಏರಿದ ದರ ಉಳಿದವರ ಫೋನಿನಲ್ಲಿ ಕೆಂಪಗೆ ಮಿನುಗುತ್ತದೆ. ಹಿಂದೆ ಮುಷ್ಕರ ಮುರಿಯೋಕೆ ಜನರನ್ನು ಹುಡುಕಿ ದುಡ್ಡು ಕೊಟ್ಟು ಕರೆತರಬೇಕಿತ್ತು. ಈಗ ಯಾರೂ ಹೇಳದೆಯೇ ಲೆಕ್ಕ ಹಾಕುವ ಯಂತ್ರ ಅದನ್ನು ಮಾಡುತ್ತದೆ. ನಿಂತವನ ತ್ಯಾಗವೇ ನಿಲ್ಲದವನ ಬೋನಸ್ಸು.

ಇನ್ನೊಂದು ಕಡೆ, ಎಲ್ಲರೂ ನಿಲ್ಲಬೇಕಾಗಿಯೂ ಇಲ್ಲ. 1981ರಲ್ಲಿ ಅಮೆರಿಕದ ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಹೂಡಿದಾಗ ಅಧ್ಯಕ್ಷ ರೇಗನ್ 11 ಸಾವಿರಕ್ಕೂ ಹೆಚ್ಚು ಜನರನ್ನು ಒಟ್ಟಿಗೆ ವಜಾ ಮಾಡಿದರು. 2019ರ ಜನವರಿಯಲ್ಲಿ ಅದೇ ಕೆಲಸದವರು 35 ದಿನ ಸಂಬಳವಿಲ್ಲದೆ ದುಡಿಯುತ್ತಿದ್ದರು, ಸರ್ಕಾರದ ಬಜೆಟ್ ಜಗಳದಿಂದ. ಜನವರಿ 25ರಂದು ಎರಡು ಕೇಂದ್ರಗಳಲ್ಲಿ ಹತ್ತು ಜನ ಬರಲಿಲ್ಲ. ಹತ್ತೇ ಜನ. ನ್ಯೂಯಾರ್ಕಿನ ಲಾಗ್ವಾರ್ಡಿಯಾ ನಿಲ್ದಾಣಕ್ಕೆ ವಿಮಾನ ಬರೋದು ಸ್ವಲ್ಪ ಹೊತ್ತು ನಿಂತಿತು. ಅವತ್ತೇ ಜಗಳಕ್ಕೆ ತಾತ್ಕಾಲಿಕವಾಗಿ ತೆರೆ ಬಿತ್ತು. ಮುಷ್ಕರ ಅಂತ ಯಾರೂ ಹೇಳಲಿಲ್ಲ, ಹುಷಾರಿಲ್ಲ ಅಂದರು. ಇವತ್ತಿನ ಬಾಯ್ಲರಿನ ಬಿರಡೆ ಎಲ್ಲಿದೆ ಅಂತ ಹುಡುಕುವವರು ಇಂಥ ಜಾಗಗಳನ್ನು ನೋಡಬೇಕು. ಬಂದರು, ದೊಡ್ಡ ಗೋದಾಮು, ನಿಯಂತ್ರಣ ಕೊಠಡಿ.

ಅಮೆರಿಕದ ಕಾರು ಕಾರ್ಮಿಕರ ಯೂನಿಯನ್ 2023ರಲ್ಲಿ ಮಾಡಿಕೊಂಡ ಒಪ್ಪಂದಗಳು 2028ರ ಏಪ್ರಿಲ್ 30ಕ್ಕೆ ಮುಗಿಯುತ್ತವೆ. ಮರುದಿನ ಮೇ 1. ನೀವೂ ನಿಮ್ಮ ಒಪ್ಪಂದವನ್ನು ಅವತ್ತಿಗೇ ಮುಗಿಯುವ ಹಾಗೆ ಮಾಡಿಕೊಳ್ಳಿ ಅಂತ ಉಳಿದ ಯೂನಿಯನ್‌ಗಳಿಗೆ ಕರೆ ಕೊಟ್ಟರು. ಎಷ್ಟು ಜನ ಬರ್ತಾರೋ ಏನೋ. ನನಗೆ ಹಿಡಿಸಿದ್ದು ನಾಲ್ಕೂವರೆ ವರ್ಷದ ಅವಧಿ. ಕೂಡಿಡೋಕೆ, ಒಬ್ಬರನ್ನೊಬ್ಬರು ಗುರುತು ಮಾಡಿಕೊಳ್ಳೋಕೆ, ಯಾರ ಮನೆಯಲ್ಲಿ ಕಂತು ಜಾಸ್ತಿ, ಯಾರ ಮನೆಯಲ್ಲಿ ಎಳೆಮಗು ಅಂತ ತಿಳ್ಕೊಳ್ಳೋಕೆ ಆಗುವಷ್ಟು ಸಮಯ. ನಾವು ಭಾನುವಾರ ರಾತ್ರಿ 11ರವರೆಗೂ ಟೈಪ್ ಮಾಡಿದ ನೂರಾರು ಮೆಸೇಜುಗಳಲ್ಲಿ ಅಂಥ ಒಂದು ಮಾತೂ ಇರಲಿಲ್ಲ. ಮೊನ್ನೆ ಹಳೆಯ ಫೋನಿನಲ್ಲಿ ತೆಗೆದು ನೋಡಿದೆ. ಬರೀ ಮುಷ್ಟಿಯ ಇಮೋಜಿ.

ಆ ಸೋಮವಾರ ಒಂದು ಚುಕ್ಕೆ ಸಂಜೆಯವರೆಗೂ ಬೂದು ಬಣ್ಣದಲ್ಲೇ ಇತ್ತು. ನಮ್ಮ ಟೀಮಿನಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬ ಮೇಡಂದು. ಗ್ರೂಪಿನಲ್ಲಿ ಅವರು ಬರೆದಿದ್ದು ಒಂದೇ ಸಲ, "ಸರಿ, ನಾನೂ ಬರಲ್ಲ" ಅಂತ. ಮರುದಿನ ಅವರನ್ನು ಮೀಟಿಂಗಿಗೆ ಕರೆದರು, ಆ ವಾರವೇ ಅವರ ಹೆಸರು ಪಟ್ಟಿಯಿಂದ ಹೋಯಿತು. ನಮ್ಮ ಓಟಿ ದುಡ್ಡು ಎರಡು ತಿಂಗಳ ನಂತರ ಬಂತು, ಅವರ ಮೀಟಿಂಗಿಗೂ ಅದಕ್ಕೂ ಏನಾದರೂ ಸಂಬಂಧ ಇತ್ತಾ ಅಂತ ಯಾರೂ ಮಾತಾಡಲಿಲ್ಲ. ಬೀಳ್ಕೊಡುಗೆಯ ಮೆಸೇಜುಗಳನ್ನು ಎಲ್ಲರೂ ಕಳಿಸಿದೆವು. ಆ ತಿಂಗಳು ಅವರ ಮನೆ ಬಾಡಿಗೆ ಹೇಗೆ ಕಟ್ಟಿದರು ಅಂತ 39 ಜನರಲ್ಲಿ ಯಾರೂ ಕೇಳಲಿಲ್ಲ. ಅವರ ನಂಬರ್ ನನ್ನ ಹತ್ತಿರ ಇನ್ನೂ ಇದೆ.